ವಿಮೆಗಾಗಿ ಕಟ್ಟಿದ ಎಮ್ಮೆ

ಶಿರಗುಪ್ಪಿಯ ಬಸ್‌ಸ್ಟ್ಯಾಂಡಿನ ಹಿಂದೆ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ಮಲಿಕಸಾಬನ ಕೈಗೆ ಬಂದ ಸುಟ್ಟ ಮೋಟರ್ ಮತ್ತೆ ನೀರೆತ್ತದೆ ಹೋದದ್ದು ಕಡಿಮೆ. ಹೊಳೆದಂಡೆಯ ಪಂಪಿರಲಿ, ಬೋರಿನೊಳಗಿನ ಮೋಟರಿರಲಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಹಚ್ಚಿ ಒಣಗಿಸಿ ಕೊಟ್ಟನೆಂದರೆ ಕಬ್ಬಿನ ರೈತ ಎರಡು ಬೇಸಿಗೆ ನಿಶ್ಚಿಂತೆಯಾಗಿ ಇರಬಹುದು. ಮೂವತ್ತು ವರ್ಷದಿಂದ ಇದೇ ಕಸುಬು. ಅಂಗಡಿಯಲ್ಲಿ ಅವನೊಬ್ಬನೇ. ರಜೆ ಬೇಕಾದರೆ ತನ್ನನ್ನೇ ಕೇಳಿಕೊಳ್ಳಬೇಕು, ಕೊಡದಿದ್ದರೆ ತನ್ನ ಮೇಲೆಯೇ ಸಿಟ್ಟಾಗಬೇಕು.

ನವೆಂಬರಿನ ಒಂದು ಮುಂಜಾನೆ ಅವನ ಮೊಬೈಲಿಗೆ ಆರೋಗ್ಯ ವಿಮೆಯ ಕಂಪನಿಯಿಂದ ಸಂದೇಶ ಬಂತು. ಈ ವರ್ಷದ ಕಂತು ಐವತ್ತೆಂಟು ಸಾವಿರ ರೂಪಾಯಿ. ಹಿಂದಿನ ವರ್ಷ ಮೂವತ್ತನಾಲ್ಕು ಇತ್ತು. ಕಣ್ಣಿಗೇನೋ ಆಗಿರಬೇಕೆಂದು ಮಲಿಕಸಾಬ ಕನ್ನಡಕ ಒರೆಸಿ ಇನ್ನೊಮ್ಮೆ ಓದಿದ. ಆಮೇಲೆ ಅಥಣಿಯ ಕಾಲೇಜಿಗೆ ಹೊರಟಿದ್ದ ಮಗಳು ಮೆಹೆಕಳಿಂದ ಓದಿಸಿದ. ಅವಳು ಓದಿದರೂ ಅಷ್ಟೇ ಇತ್ತು.

ಮಧ್ಯಾಹ್ನ ವಿಮೆಯ ಏಜೆಂಟ್ ಅಮೋಲ ಬೈಕಿನ ಮೇಲೆ ಬಂದ. ನಿಪ್ಪಾಣಿಯ ಹುಡುಗ, ಮಾತು ಮೆತ್ತಗೆ. ಅದೇ ಹೊತ್ತಿಗೆ ಊರಿನ ಹಾಲಿನ ಸಂಘದ ಕಾರ್ಯದರ್ಶಿ ತವನಪ್ಪ ತನ್ನ ಬೋರಿನ ಮೋಟರು ರಿಪೇರಿಯಾಯಿತೋ ಇಲ್ಲವೋ ನೋಡಲು ಬಂದು ಸ್ಟೂಲಿನ ಮೇಲೆ ಕುಳಿತಿದ್ದ.

"ಚಾಚಾ, ನೀವು ಐವತ್ತು ದಾಟೀರಿ. ಚಾಚಿಗೆ ಶುಗರ್ ಬಂದೈತಿ. ದವಾಖಾನಿ ರೇಟೂ ಏರ್ಯಾವ. ಎಲ್ಲಾ ಕೂಡಿ ಹಿಂಗಾತ್ರಿ" ಅಂದ ಅಮೋಲ.

"ವಿಮಾದ ಮ್ಯಾಲಿನ ತೆರಗಿ ತಗದಾರಂತ ಪೇಪರಿನ್ಯಾಗ ಬಂದಿತ್ತಲ್ಲೋ?"

"ತಗದಾರ್ರಿ. ತಗದ ಮ್ಯಾಲೆ ಇಷ್ಟ ಆಗೈತಿ."

"ನಾಕ ವರ್ಷದಾಗ ಒಂದ ದಿನಾನೂ ನಾವು ದವಾಖಾನ್ಯಾಗ ಮಲಗಿಲ್ಲ."

"ಅದಕ್ಕ ಬೋನಸ್ ಕೊಟ್ಟಾರಲ್ರಿ. ಈಗ ನೀವು ಮಲಗಿದ್ರ ಹೆಚ್ಚು ರೊಕ್ಕ ಬರ್ತೈತಿ."

"ಅಂದ್ರ ಆ ಬೋನಸ್ ಸಿಗಬೇಕಂದ್ರ ನಾ ಬೀಳಬೇಕು."

ತವನಪ್ಪ ನಕ್ಕ. ಅಮೋಲನಿಗೂ ನಗು ಬಂತಾದರೂ ತಡೆದುಕೊಂಡ.

ಮಲಿಕಸಾಬನ ಅಕ್ಕನ ಮಗ ಸಕ್ಕರೆ ಕಾರಖಾನೆಯಲ್ಲಿ ನೌಕರಿಗಿದ್ದ. ಅವನ ಮನೆಯವರಿಗೆಲ್ಲ ವಿಮೆಯಿತ್ತು, ಕಂತು ಎಷ್ಟೆಂಬುದು ಅವನಿಗೇ ಗೊತ್ತಿರಲಿಲ್ಲ. "ಅವಗೊಂದು ನ್ಯಾಯ, ನನಗೊಂದು ನ್ಯಾಯ ಯಾಕ?" ಎಂದು ಕೇಳಿದಾಗ ಅಮೋಲ ಅಂದ, "ಅವರದು ಗುಂಪಿನ ಪಾಲಿಸಿ ಚಾಚಾ. ನೂರಾರು ಮಂದಿ ಕೂಡಿ ಇರ್ತಾರ, ಅದಕ್ಕ ಅಗ್ಗ ಬೀಳ್ತೈತಿ. ನೀವು ಒಬ್ಬರ ಅದೀರಿ. ಒಬ್ಬರ ಇದ್ದವರಿಗೆ ಕಂಪನಿ ಅಂಜ್ತೈತಿ."

"ನಾನೂ ಅಂಜೀನಿ ಅಂತ ಕಂಪನಿಗೆ ಹೇಳು."

ಆಗ ತವನಪ್ಪ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡ. "ಗುಂಪು ಬೇಕಾದ್ರ ನಮ್ಮ ಗುಂಪಿಗೆ ಬಾರೋ ಮಲಿಕಸಾಬ. ಸಹಕಾರಿ ಸಂಘದ ಸದಸ್ಯರಿಗೆ ಸರಕಾರದ ಆರೋಗ್ಯ ಕಾರ್ಡ್ ಐತಿ. ಮನಿಮಂದಿಗೆಲ್ಲಾ ಕೂಡಿ ವರ್ಷಕ್ಕ ಸಾವಿರ ರೂಪಾಯಿನೂ ಆಗಂಗಿಲ್ಲ."

ಮಲಿಕಸಾಬ ಅಮೋಲನ ಮುಖ ನೋಡಿದ. ತನ್ನ ವ್ಯಾಪಾರ ಹೋಗುತ್ತದೆಂದು ಗೊತ್ತಿದ್ದೂ ಅಮೋಲ ಸುಳ್ಳು ಹೇಳಲಿಲ್ಲ. "ಹೌದ್ರಿ, ಐತಿ. ಎಲ್ಲಾ ಜಡ್ಡಿಗೂ ಬರಂಗಿಲ್ಲ, ಎಲ್ಲಾ ದವಾಖಾನ್ಯಾಗೂ ನಡಿಯಂಗಿಲ್ಲ. ಆದ್ರ ಆಪರೇಶನ್ನಿಗೆ ಛಲೋ ಐತ್ರಿ."

"ಹಂಗಾರ ಬರಕೋ ತವನಪ್ಪ ನನ್ನ ಹೆಸರ."

"ಹೆಸರ ಬರಕೋತೀನಿ. ನಿನ್ನ ಎಮ್ಮಿ ಎಲ್ಲೈತಿ?" ಅಂದ ತವನಪ್ಪ. "ಮೂರು ತಿಂಗಳು ಸಂಘಕ್ಕ ಹಾಲು ಹಾಕಿದವರನ್ನಷ್ಟ ನಾವು ಸದಸ್ಯರನ್ನಾಗಿ ಮಾಡ್ಕೋತೀವಿ. ಮೋಟರಿನ ನೀರು ತಂದು ಹಾಕಬ್ಯಾಡ ಮತ್ತ."

ರಾತ್ರಿ ಊಟದ ಹೊತ್ತಿಗೆ ಮಲಿಕಸಾಬ ಇದನ್ನೊಂದು ತಮಾಷೆಯ ಸುದ್ದಿಯಂತೆ ಹೆಂಡತಿಗೆ ಹೇಳಿದ. ಕುಲಸುಂಬಿ ನಗಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

"ಐವತ್ತೆಂಟು ಸಾವಿರ ಕಟ್ಟಿದ್ರ ವರ್ಷ ಮುಗಿದ ಮ್ಯಾಲೆ ಕೈಯಾಗ ಏನ ಉಳೀತೈತಿ?"

"ಏನೂ ಇಲ್ಲ."

"ಎಮ್ಮಿ ತಂದ್ರ ಎಮ್ಮಿ ಉಳೀತೈತಿ."

ಮಲಿಕಸಾಬ ಕೈ ತೊಳೆದು, ಮಾರಾಟಕ್ಕೆ ಎಮ್ಮೆ ಯಾರ ಹತ್ತಿರ ಇದೆ ಎಂದು ಕೇಳಲು ತವನಪ್ಪನಿಗೆ ಫೋನು ಹಚ್ಚಿದ.

ಭಾನುವಾರ ಗಂಡ ಹೆಂಡತಿ ಬೇಡಕಿಹಾಳಕ್ಕೆ ಹೋಗಿ ಮುರಗೆಪ್ಪನೆಂಬ ರೈತನ ಹತ್ತಿರ ಎಮ್ಮೆ ನೋಡಿದರು. ಪಂಢರಪುರಿ ತಳಿ. ಕೊಂಬುಗಳು ಬೆನ್ನಿನವರೆಗೂ ಬಾಗಿದ್ದವು, ಮಗ್ಗುಲಲ್ಲಿ ತಿಂಗಳ ಹೆಣ್ಣುಗರು. ಮಲಿಕಸಾಬ ಅದನ್ನು ಮೋಟರು ನೋಡುವಂತೆ ಸುತ್ತು ಹಾಕಿ ನೋಡಿದ; ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ. ಚೌಕಾಸಿಯನ್ನೆಲ್ಲ ಕುಲಸುಂಬಿಯೇ ಮಾಡಿದಳು. ಕಂತಿಗೆಂದು ಎತ್ತಿಟ್ಟ ಹಣಕ್ಕೆ ಅವಳು ಮನೆಖರ್ಚಿನಲ್ಲಿ ಉಳಿಸಿದ್ದೂ ಸೇರಿ, ಸಂಜೆಯ ಹೊತ್ತಿಗೆ ಎಮ್ಮೆ, ಕರು ಟೆಂಪೊದಲ್ಲಿ ಶಿರಗುಪ್ಪಿಗೆ ಬಂದಿಳಿದವು. ಮೆಹೆಕ ಎಮ್ಮೆಗೆ 'ಪಾಲಿಸಿ' ಎಂದು ಹೆಸರಿಟ್ಟಳು. ಮಲಿಕಸಾಬನಿಗೆ ಆ ಹೆಸರು ಸೇರಲಿಲ್ಲ, ಆದರೆ ಎರಡು ದಿನದಲ್ಲಿ ಓಣಿಯ ಮಕ್ಕಳೆಲ್ಲ ಹಾಗೆಯೇ ಕರೆಯತೊಡಗಿದರು.

ಮೊದಲನೆಯ ಮುಂಜಾನೆ ಹಾಲು ಹಿಂಡಲು ಮಲಿಕಸಾಬನೇ ಕುಳಿತ. ಕೂದಲಿನಷ್ಟು ಸಣ್ಣ ತಂತಿ ಸುತ್ತುವ ಕೈಗೆ ಇದೇನು ಮಹಾ ಎಂಬ ಧೈರ್ಯ. ಎಮ್ಮೆ ಒಂದು ನಿಮಿಷ ಅವನನ್ನು ಸಹಿಸಿಕೊಂಡಿತು. ಎರಡನೆಯ ನಿಮಿಷಕ್ಕೆ ಹಿಂಗಾಲು ಎತ್ತಿ ಒದೆಯಿತು. ಬಕೆಟ್ಟು ಒಂದು ಕಡೆ, ಮಲಿಕಸಾಬ ಒಂದು ಕಡೆ. ಎಡ ಮಣಿಕಟ್ಟು ನೋಡನೋಡುತ್ತ ಬಾತುಕೊಂಡಿತು.

ಹಳೆಯ ವಿಮೆ ಮುಗಿದು ಅಂದಿಗೆ ಐದು ದಿನವಾಗಿತ್ತು. ಉಗಾರದ ದವಾಖಾನೆಗೆ ಹೋಗುವ ದಾರಿಯುದ್ದಕ್ಕೂ ಮಲಿಕಸಾಬ ಎಲುಬು ಮುರಿಯದಿರಲಿ ಎಂದು ಬೇಡಿಕೊಂಡ. ಎಕ್ಸ್‌ರೇ ನೋಡಿದ ಡಾಕ್ಟರು, "ಮುರಿದಿಲ್ರಿ, ಉಳುಕೈತಿ. ಹೆಂಗಾತು?" ಅಂದರು.

"ವಿಮಾ ಮಾಡಸಾಕ ಹೋಗಿದ್ದೆರಿ" ಅಂದ ಮಲಿಕಸಾಬ.

ಮನೆಗೆ ಬಂದಾಗ ಬಕೆಟ್ಟಿನ ತುಂಬ ನೊರೆಹಾಲು ಇತ್ತು. ಕುಲಸುಂಬಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಮ್ಮೆಯ ಮೈ ತಿಕ್ಕುತ್ತಿದ್ದಳು. ಅವನು ಬಾಗಿಲಲ್ಲೇ ನಿಂತ.

"ಯಾರ ಹಿಂಡಿದ್ರು?"

"ನಾನ."

"ನಿನಗ ಬರ್ತೈತಿ?"

"ರಾಯಬಾಗದಾಗ ನಮ್ಮ ಅಪ್ಪನ ಮನ್ಯಾಗ ಆರು ಎಮ್ಮಿ ಇದ್ದೂ. ಲಗ್ನ ಆಗೂ ತನಕ ನಾನ ಹಿಂಡತಿದ್ನಿ."

"ಇಪ್ಪತ್ತಾರು ವರ್ಷದಾಗ ಒಮ್ಮಿನೂ ಹೇಳಿಲ್ಲಲ್ಲ?"

"ನೀವು ಕೇಳಿಲ್ಲಲ್ಲ. ಇಲ್ಲಿ ಎಮ್ಮಿ ಎಲ್ಲಿತ್ತು ಹೇಳಾಕ?"

ಹಾಗಿದ್ದರೆ ಮುಂಜಾನೆ ತನ್ನನ್ನೇಕೆ ಹಿಂಡಲು ಬಿಟ್ಟೆ ಎಂದು ಅವನು ಕೇಳಿದ. "ಬಾಳ ಹುರುಪಿಲೆ ಹೊಂಟಿದ್ರಿ, ಬ್ಯಾಡ ಅನ್ನಾಕ ಮನಸ ಆಗಲಿಲ್ಲ" ಅಂದಳು ಅವಳು. ಹೇಳಿ ಎಮ್ಮೆಯ ಆಚೆ ಮುಖ ಮರೆ ಮಾಡಿಕೊಂಡಳು. ಭುಜ ಕುಣಿಯುತ್ತಿದ್ದುದು ಮಾತ್ರ ಅವನಿಗೆ ಕಾಣುತ್ತಿತ್ತು.

ಅಲ್ಲಿಂದ ಮೂರು ತಿಂಗಳು ಮನೆಯಲ್ಲಿ ಯಾರೂ ಬೀಳಬಾರದು, ಏಳಬಾರದು, ಕೆಮ್ಮಬಾರದು ಎಂಬ ಕಾಯಿದೆ ಜಾರಿಗೆ ಬಂತು. ಮಲಿಕಸಾಬ ಸ್ಕೂಟರನ್ನು ಸೈಕಲಿನಷ್ಟೇ ನಿಧಾನವಾಗಿ ಓಡಿಸಿದ. ಗಿರಾಕಿಗಳು ಅಂಗಡಿಗೆ ಬಂದಾಗ ಮೋಟರಿಗಿಂತ ಮೊದಲು ಎಮ್ಮೆಯ ಆರೋಗ್ಯ ವಿಚಾರಿಸುತ್ತಿದ್ದರು. ಅವನಿಗೆ ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ತಾನೇ ಹಾಲಿನ ಲೆಕ್ಕ ಹೇಳತೊಡಗಿದ.

ಕುಲಸುಂಬಿಯ ದಿನಚರಿಯಂತೂ ತಿರುವುಮುರುವಾಯಿತು. ಮದುವೆಯಾದಂದಿನಿಂದ ಮನೆ, ಅಡುಗೆ, ಆಗೀಗ ತವರು ಎಂದಿದ್ದವಳು ಈಗ ಎರಡು ಹೊತ್ತೂ ಕ್ಯಾನು ಹಿಡಿದು ಡೇರಿಗೆ ನಡೆದು ಹೋಗುತ್ತಿದ್ದಳು. ಅಲ್ಲಿ ಸರದಿಯಲ್ಲಿ ನಿಂತ ಹೆಂಗಸರೊಡನೆ ಊರಿನ ಸುದ್ದಿಯೆಲ್ಲ ಆಗುತ್ತಿತ್ತು. ಪಾಲಿಸಿಯ ಹಾಲಿನ ಫ್ಯಾಟು ತವನಪ್ಪನ ಎಮ್ಮೆಯ ಹಾಲಿಗಿಂತ ಹೆಚ್ಚು ಬಂದ ದಿನ ಅವಳು ಡೇರಿಯ ಅಳತೆ ಚೀಟಿಯನ್ನು ಮಡಚಿ ತಂದು ಗಂಡನಿಗೆ ತೋರಿಸಿದಳು. "ಮಷಿನ್ ಕೆಟ್ಟಿರಬೇಕು ಅಂದ ತವನಪ್ಪಣ್ಣ. ಎರಡ ಸಲ ಹಾಕಿ ನೋಡಿದ. ಎರಡ ಸಲಾನೂ ನಮ್ಮದ ಮ್ಯಾಲೆ."

ಫೆಬ್ರುವರಿಯಲ್ಲಿ ಸದಸ್ಯತ್ವದ ಫಾರ್ಮು ತುಂಬುವ ದಿನ ಬಂತು. ಮಲಿಕಸಾಬ ಇಸ್ತ್ರಿಯ ಅಂಗಿ ಹಾಕಿಕೊಂಡು, ಫೋಟೊ, ಆಧಾರ ಕಾರ್ಡು ಹಿಡಿದುಕೊಂಡು ಸಂಘದ ಆಫೀಸಿಗೆ ಹೋದ. ತವನಪ್ಪ ಕನ್ನಡಕದ ಮೇಲಿಂದ ಅವನನ್ನು ನೋಡಿದ.

"ನಿನ್ನ ಕಾಗದ ಆಮ್ಯಾಲೆ. ಮೊದಲ ನಮ್ಮ ತಂಗಿ ಕುಲಸುಂಬೀದು ಕೊಡು."

"ಯಾಕ?"

"ಮೂರು ತಿಂಗಳು ಹಾಲು ತಂದು ಹಾಕಿದವರ ಯಾರು? ಪುಸ್ತಕದಾಗ ಯಾರ ಹೆಸರೈತಿ? ಸದಸ್ಯೆ ಆಕಿ."

"ಮತ್ತ ನಾನು?"

ತವನಪ್ಪ ಫಾರ್ಮಿನ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟ. ಅವಲಂಬಿತರು: ಒಂದು, ಗಂಡ. ಎರಡು, ಮಗಳು.

ಮಲಿಕಸಾಬ ಆ ಸಾಲನ್ನು ಎರಡು ಸಲ ಓದಿಕೊಂಡ. ಮೂವತ್ತು ವರ್ಷ ದುಡಿದವನನ್ನು ಯಾರೂ ಹೀಗೆ ಬರೆದಿರಲಿಲ್ಲ. ಆದರೆ ಹಾಲು ಹಾಕಲು ಬಂದಿದ್ದ ಕುಲಸುಂಬಿ ಹೊರಗೆ ಕಟ್ಟೆಯ ಮೇಲೆ ಕುಳಿತು, ಸಹಿ ಮಾಡುವುದನ್ನು ಬೆರಳಿನಿಂದ ತೊಡೆಯ ಮೇಲೆ ಬರೆದು ಬರೆದು ರೂಢಿ ಮಾಡಿಕೊಳ್ಳುತ್ತಿದ್ದುದು ಕಿಟಕಿಯಿಂದ ಕಂಡಿತು. ಅವನು ಹೊರಗೆ ಹೋಗಿ, "ಒಳಗ ಬಾ, ನಿನ್ನ ಕರೀಲಿಕತ್ತಾರ" ಎಂದು ತನ್ನ ಪೆನ್ನು ಕೊಟ್ಟ.

ಕಾರ್ಡು ಬಂದ ಎರಡನೆಯ ತಿಂಗಳು ಅದರ ಕೆಲಸ ಬಿತ್ತು. ಹತ್ತು ಎಚ್‌ಪಿ ಮೋಟರೊಂದನ್ನು ಟೇಬಲಿಗೆ ಎತ್ತುವಾಗ ಮಲಿಕಸಾಬನ ತೊಡೆಸಂದಿಯ ಹತ್ತಿರ ಏನೋ ಜಾರಿದಂತಾಯಿತು. ನೋಡಿದರೆ ನಿಂಬೆಹಣ್ಣಿನಷ್ಟು ಗಂಟು. ಹರ್ನಿಯಾ, ಆಪರೇಶನ್ ಆಗಬೇಕು ಎಂದರು ಡಾಕ್ಟರು. ಚಿಕ್ಕೋಡಿಯಲ್ಲಿ ಕಾರ್ಡು ನಡೆಯುವ ದವಾಖಾನೆಯನ್ನು ಮೆಹೆಕ ಹುಡುಕಿದಳು. ಕಾಗದಪತ್ರ ಮಂಜೂರಾಗಲು ಎರಡು ದಿನ ಹಿಡಿಯಿತು. ಆ ಎರಡು ದಿನ ಮಲಿಕಸಾಬನಿಗೆ ನಿದ್ದೆ ಬರಲಿಲ್ಲ. ಮಂಜೂರಾಯಿತೆಂದು ತಿಳಿದ ಮೇಲೆ ಆಪರೇಶನ್ನಿನ ಹೆದರಿಕೆಯಿಂದ ಬರಲಿಲ್ಲ.

ಮುಂಜಾನೆ ದವಾಖಾನೆಯ ಕೌಂಟರಿನ ಹುಡುಗಿ ಗಟ್ಟಿಯಾಗಿ ಕೂಗಿದಳು, "ಕುಲಸುಂಬಿ ಅವರ ಗಂಡ ಯಾರ್ರಿ?"

"ನಾನ್ರಿ" ಎಂದು ಮಲಿಕಸಾಬ ಶಾಲೆಯ ಹುಡುಗನಂತೆ ಕೈ ಎತ್ತಿದ. ಪಕ್ಕದಲ್ಲಿದ್ದ ಕುಲಸುಂಬಿ ಬುರ್ಖಾದ ಅಂಚು ಸರಿಮಾಡಿಕೊಂಡು ಬೇರೆ ಕಡೆ ನೋಡಿದಳು. ಅವಳಿಗೆ ಹೆಮ್ಮೆಯಾದದ್ದು ಅವನಿಗೆ ಗೊತ್ತಾಯಿತು.

ಆಪರೇಶನ್ ಸುಸೂತ್ರವಾಗಿ ಆಯಿತು. ಮರುದಿನ ಅಮೋಲ ಮೋಸಂಬಿ ತೆಗೆದುಕೊಂಡು ನೋಡಲು ಬಂದ. ಒಂದು ಹಣ್ಣು ಸುಲಿದು ಕೊಟ್ಟು, ಕಡೆಗೆ ಕೇಳಿದ, "ಚಾಚಾ, ಆ ಬೇಡಕಿಹಾಳದ ಮುರಗೆಪ್ಪನ ನಂಬರ ಐತೇನ್ರಿ?"

"ಯಾಕೋ? ಅವಗ ಪಾಲಿಸಿ ಮಾಡಸ್ತೀಯೇನು?"

"ಇಲ್ರಿ. ನಾನೂ ಕಮಿಶನ್ ಮ್ಯಾಲೆ ದುಡಿಯಾಂವ. ನನಗೂ ಕಂಪನಿ ಏನೂ ಕೊಡಂಗಿಲ್ಲ. ಈ ವರ್ಷ ನನ್ನ ಪಾಲಿಸೀನ ಕಟ್ಟಾಕ ಆಗಲಿಲ್ಲ." ಅವನು ತಲೆ ಕೆರೆದುಕೊಂಡ. "ನನ್ನ ಹೆಣ್ತಿ ಸೀಮಾಗ ಹಾಲು ಹಿಂಡಾಕ ಬರ್ತೈತಂತ. ನಿನ್ನಿ ಕೇಳಿದ್ನಿ."

ಮಲಿಕಸಾಬನಿಗೆ ನಗು ತಡೆಯಲಾಗಲಿಲ್ಲ. ಹೊಲಿಗೆ ಹಾಕಿದ ಕಡೆ ಕೈಯಿಂದ ಒತ್ತಿ ಹಿಡಿದುಕೊಂಡು, ನೋಯುತ್ತಿದ್ದರೂ ನಕ್ಕ.

ಮನೆಗೆ ಬಂದ ಸಂಜೆ ಕುಲಸುಂಬಿ ಹಾಲು ಹಾಕಿ ಬಂದು, ದಪ್ಪ ಹಾಲಿನ ಚಹಾ ಮಾಡಿ, ಅವನ ಹಾಸಿಗೆಯ ಹತ್ತಿರ ಕುಳಿತಳು. ಮೂರು ತಿಂಗಳು ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದನ್ನು ನೆನಪಿಸಿದಳು. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅಂದಳು, "ಮುರಗೆಪ್ಪನ ಕಡೆ ಇನ್ನೊಂದು ಎಮ್ಮಿ ಐತಂತ. ನೋಡಿ ಬರ್ಲ್ಯಾ?"

"ಕಾರ್ಡ್ ಐತಲ್ಲ. ವಿಮಾಕ್ಕ ಒಂದ ಎಮ್ಮಿ ಸಾಕಲ್ಲ."

"ವಿಮಾಕ್ಕಲ್ರಿ" ಅಂದಳು ಕುಲಸುಂಬಿ. "ಇದು ನನಗ."

ಮಲಿಕಸಾಬ ಚಹಾದ ಕಪ್ಪು ಕೆಳಗಿಟ್ಟ. ಹಿತ್ತಲಿನಲ್ಲಿ ಇನ್ನೊಂದು ಗೂಟಕ್ಕೆ ಜಾಗ ಎಲ್ಲಿದೆ ಎಂದು ಯೋಚಿಸುತ್ತ, ಗುದ್ದಲಿ ಹಿಡಿಯಲು ಯಾರನ್ನು ಕರೆಯಲಿ ಎಂದು ಅವಳನ್ನೇ ಕೇಳಿದ.