ಮನೆ ಬಿಡುವ ಆಟ

ಆಟ ಎಂದರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಹಗಲುಹೊತ್ತಿನಲ್ಲಿ ಕೂತು ಆಡುವವರನ್ನು ಕಂಡರೆ ಮೈ ಉರಿಯುತ್ತದೆ. ನಾನು ಪರದೆ ಹೊಲಿಯುವವಳು. ಕಿಟಕಿಯ ಪರದೆ, ಬಾಗಿಲ ಪರದೆ, ಆಸ್ಪತ್ರೆಯಲ್ಲಿ ಎರಡು ಹಾಸಿಗೆಗಳ ನಡುವೆ ಎಳೆಯುವ ಹಸಿರು ಪರದೆ, ಎಲ್ಲವೂ ನನ್ನ ಮೆಷಿನ್ನಿನ ಸೂಜಿಯ ಕೆಳಗೆ ಹಾದುಹೋದವೇ. ಅಂಥವಳು ಒಂದು ರಟ್ಟಿನ ಹಲಗೆಯ ಮುಂದೆ ಕೂತು, ಬೆರಳ ತುದಿಯಷ್ಟಿರುವ ಮರದ ಮನೆಯನ್ನು ಎಲ್ಲಿಡಲಿ ಎಂದು ಗಲ್ಲಕ್ಕೆ ಕೈಕೊಟ್ಟು ಯೋಚಿಸುತ್ತಿದ್ದೆ ಎಂದರೆ ಅದಕ್ಕೆ ಕಾರಣ ನನ್ನ ಸೊಸೆ.

ನನ್ನ ಮಗ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಒಂದು ಬೆಳಿಗ್ಗೆ ಟೀ ಕುಡಿದು, ಲೋಟ ತೊಳೆಯದೆ ಹಾಗೇ ಬಿಟ್ಟು, ಅದಕ್ಕೆ ನನ್ನ ಕೈಲಿ ಬೈಸಿಕೊಂಡು ಕೆಲಸಕ್ಕೆ ಹೋದವನು ಮೇಲಿನ ಮಹಡಿಯಿಂದ ಲಿಫ್ಟಿನ ಗುಂಡಿಗೆ ಬಿದ್ದ. ಅಷ್ಟೇ. ಇದಕ್ಕಿಂತ ಹೆಚ್ಚು ಹೇಳುವುದು ನನ್ನಿಂದ ಆಗದು. ಗಂಡ ಎಂದೋ ತೀರಿಕೊಂಡಿದ್ದರು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಉಳಿದವರು ನಾನು, ನನ್ನ ಸೊಸೆ.

ಅವಳು ಕೆಲಸ ಮಾಡುವುದು ಹಲ್ಲಿನ ಲ್ಯಾಬಿನಲ್ಲಿ. ಹಲ್ಲಿನ ಡಾಕ್ಟರುಗಳು ಜನರ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವಳು ಅದಕ್ಕೆ ಸರಿಹೊಂದುವಂತೆ ಹಲ್ಲಿನ ಸೆಟ್ಟು ಮಾಡಿಕೊಡುತ್ತಾಳೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಅವಳಿಗೆ ಹಲ್ಲಮ್ಮ ಎಂದು ಹೆಸರಿಟ್ಟೆ. ಅವಳೇನು ಕಡಿಮೆಯೇ? "ನಿಮಗೂ ಒಂದು ಸೆಟ್ ಮಾಡಿಡ್ತೀನಿ ಬಿಡಿ ಅತ್ತೆ. ಬೈದು ಬೈದು ಇರೋ ಹಲ್ಲು ಸವೆದುಹೋದಾಗ ಬೇಕಾಗತ್ತೆ" ಎಂದಳು. ಅಂದೇ ಅವಳು ನನಗೆ ಹಿಡಿಸಿದಳು. ಮಗ ಹೋದಮೇಲೆ ಆ ಬಾಯಿ ಮುಚ್ಚಿಹೋಯಿತು. ಕೇಳಿದ್ದಕ್ಕೆ ಹೂಂ, ಉಹೂಂ. ಊಟ ಮಾಡಿ ತಟ್ಟೆ ತೊಳೆದು ಕೋಣೆಗೆ ಹೋದರೆ ಮುಗಿಯಿತು.

ಎದುರುಮನೆಯ ನರ್ಸು ಒಂದು ದಿನ ಮೆಟ್ಟಿಲ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದಳು. "ಇನ್ನೂ ಚಿಕ್ಕ ವಯಸ್ಸು ಪಾಪ. ಮಗು ಮರಿ ಅಂತಾನೂ ಇಲ್ಲ. ಎಷ್ಟು ದಿನ ಅಂತ ನಿಮ್ಮ ಜೊತೆ ಇರ್ತಾಳೆ ಹೇಳಿ?"

"ನಿಮ್ಮ ಮನೆ ಹಾಲು ಉಕ್ಕುತ್ತಿರಬೇಕು, ಹೋಗಿ ನೋಡ್ಕೊಳ್ಳಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಒಳಗೆ ಬಂದೆ. ಮೆಷಿನ್ನಿನ ಮುಂದೆ ಕೂತರೆ ಅದೇ ಯೋಚನೆ. ಮಗ ಹೋದ. ಇವಳೂ ಹೊರಟುಹೋದರೆ ನಾನು ಈ ಮನೆಯಲ್ಲಿ ಯಾರನ್ನು ಬೈದುಕೊಂಡು ಬದುಕಲಿ? ಅವತ್ತಿನಿಂದ ನನಗೆ ಒಂದೇ ಜಪ: ಈ ಹುಡುಗಿ ನನ್ನನ್ನು ಬಿಟ್ಟುಹೋಗಬಾರದು.

ಒಂದು ಭಾನುವಾರ ಮಧ್ಯಾಹ್ನ ಅವಳ ಕೋಣೆಯಿಂದ ಮಾತು ಕೇಳಿಸಿತು. "ಹೂಂ, ಈಗ ನಿಮ್ಮದು," ಎನ್ನುತ್ತಿದ್ದಳು. ಒಳಗೆ ಯಾರೂ ಬಂದದ್ದನ್ನು ನಾನು ಕಂಡಿರಲಿಲ್ಲ. ಬಾಗಿಲು ತಳ್ಳಿ ನೋಡಿದರೆ ನೆಲದ ಮೇಲೆ ಚೌಕ ಚೌಕವಾಗಿ ಗೆರೆ ಎಳೆದ ದೊಡ್ಡ ಹಲಗೆ, ಅದರ ತುಂಬ ಕೆಂಪು ಮನೆ, ನೀಲಿ ಮನೆ, ಹಸಿರು ಮರ. ಇವಳು ಒಂದು ಕಡೆ ಕೂತು ಕೆಂಪನ್ನು ಇಡುವಳು, ಎದ್ದು ಆ ಕಡೆ ಹೋಗಿ ಕೂತು ನೀಲಿಯನ್ನು ಇಡುವಳು.

"ಏನೇ ಇದು?" ಎಂದೆ.

"ಬಡಾವಣೆ ಕಟ್ಟೋ ಆಟ ಅತ್ತೆ. ಅವರು ತಂದಿದ್ದು. ಇಬ್ಬರು ಬೇಕು ಇದಕ್ಕೆ." ಒಂದು ನೀಲಿ ಮನೆಯನ್ನು ಕೈಗೆತ್ತಿಕೊಂಡು, "ನೀಲಿ ಅವರದ್ದು" ಎಂದಳು.

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ನನಗೆ ಯಾವಾಗಲೂ ಹಾಗೆಯೇ. "ಏಳೇ ಮೇಲೆ, ಹುಚ್ಚಿ ಥರ ಆ ಕಡೆ ಈ ಕಡೆ ಓಡಾಡ್ತಾಳೆ. ಇಬ್ಬರು ಬೇಕು ಅಂದ್ರೆ ನಾನೇನು ಸತ್ತಿದೀನಾ? ಜರುಗು, ಹೇಳಿಕೊಡು ನನಗೆ" ಎಂದು ನೀಲಿ ಮನೆಗಳ ಎದುರು ಕೂತುಬಿಟ್ಟೆ. ಮಂಡಿ ಲಟಕ್ಕೆಂದಿತು.

ಹೇಳಿಕೊಟ್ಟಳು. ದೇವರೇ, ಏನು ಕಾನೂನು, ಏನು ಕಟ್ಟಳೆ! ಒಂದು ಬಟ್ಟೆಚೀಲಕ್ಕೆ ಕೈಹಾಕಿ ನೋಡದೆ ಒಂದು ಕಾಯಿ ತೆಗೆಯಬೇಕು. ಮನೆ ಬರಬಹುದು, ಶಾಲೆ ಬರಬಹುದು, ಅಂಗಡಿ, ಪಾರ್ಕು, ಆಸ್ಪತ್ರೆ, ಗ್ಯಾರೇಜು, ಏನು ಬೇಕಾದರೂ ಬರಬಹುದು. ಬಂದದ್ದನ್ನು ಹಲಗೆಯ ಮೇಲೆ ಎಲ್ಲಾದರೂ ಇಡಬೇಕು. ನಮ್ಮ ಮನೆಯ ಪಕ್ಕ ಪಾರ್ಕು ಬಂದರೆ ಅಂಕ ಸಿಗುತ್ತದೆ, ಗ್ಯಾರೇಜು ಬಂದರೆ ಸದ್ದುಗದ್ದಲ ಎಂದು ಅಂಕ ಕಳೆಯುತ್ತದೆ. ಒಮ್ಮೆ ಇಟ್ಟದ್ದನ್ನು ಮತ್ತೆ ಎತ್ತುವ ಹಾಗಿಲ್ಲ. ಹಲಗೆ ತುಂಬಿದರೆ ಆಟ ಮುಗಿಯಿತು.

"ಇನ್ನೊಂದಿದೆ ಅತ್ತೆ. ಒಂದು ಮನೆ ಬಿಟ್ಟು ಮನೆ ಕಟ್ಟಬೇಕು."

ನಾನು ಆಗಷ್ಟೇ ಇಟ್ಟಿದ್ದ ನೀಲಿ ಮನೆಯನ್ನು ಎತ್ತಿ ಪೆಟ್ಟಿಗೆಗೆ ಹಾಕಿದೆ.

"ಅಯ್ಯೋ, ಅದನ್ನ ಯಾಕೆ ತೆಗೆದ್ರಿ?"

"ನೀನೇ ತಾನೇ ಮನೆ ಬಿಡು ಅಂದಿದ್ದು? ಬಿಟ್ಟೆ."

"ಆ ಮನೆ ಅಲ್ಲ ಅತ್ತೆ! ಈ ಮನೆ, ಈ ಮನೆ," ಎಂದು ಹಲಗೆಯ ಮೇಲಿನ ಖಾಲಿ ಚೌಕಗಳನ್ನು ಬೆರಳಿನಿಂದ ಕುಟ್ಟಿ ತೋರಿಸಿದಳು. ಯಾವ ಆಟದ ಹಲಗೆಯಾದರೂ ನಮ್ಮ ಬಾಯಲ್ಲಿ ಚೌಕ ಎಂದರೆ ಮನೆಯೇ ತಾನೇ? ಮನೆಯ ಮೇಲೆ ಮನೆ ಇಡುವ ಆಟ ತಂದಿಟ್ಟು ನನಗೆ ನಗುತ್ತಾಳೆ. ಹೌದು, ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಮಗ ಹೋದಮೇಲೆ ಅವಳ ಹಲ್ಲು ಕಂಡಿದ್ದು ಅಂದೇ. ನಾನು ಸಿಡುಕಿದ ಹಾಗೆ ಮಾಡಿ ಇನ್ನೊಂದು ಮನೆಯನ್ನೂ ಎತ್ತಿ ಪೆಟ್ಟಿಗೆಗೆ ಹಾಕಿದೆ. ಬೇಕೆಂದೇ ಹಾಕಿದೆ, ಇನ್ನಷ್ಟು ನಗಲಿ ಎಂದು.

ಆಮೇಲೆ ಅದು ದಿನದ ಅಭ್ಯಾಸವಾಯಿತು. ಅವಳು ಲ್ಯಾಬಿನಿಂದ ಬಂದು ಮುಖ ತೊಳೆಯುವುದರೊಳಗೆ ನಾನು ಮೆಷಿನ್ನಿನ ಮೇಲೆ ಬಟ್ಟೆ ಮುಚ್ಚಿ, ಹಲಗೆ ಹಾಸಿ, ಟೀ ಇಟ್ಟಿರುತ್ತಿದ್ದೆ. ಆಟ ಕಲಿತೆನೋ ಇಲ್ಲವೋ, ಜಗಳವಂತೂ ಚೆನ್ನಾಗಿ ಕಲಿತೆವು. ಅವಳ ಮನೆಯ ಪಕ್ಕ ಗ್ಯಾರೇಜು ಇಡಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ನನ್ನ ಪಾರ್ಕನ್ನು ತೆಗೆದುಕೊಂಡು ಹೋಗಿ ಅವಳ ಕೆಂಪು ಮನೆಗೆ ಅಂಟಿಸುತ್ತಿದ್ದೆ. "ಅತ್ತೆ, ಹೀಗಾಡಿದ್ರೆ ನೀವು ಸೋಲ್ತೀರ," ಎನ್ನುತ್ತಿದ್ದಳು. "ಸೋತರೆ ಏನು ಗಂಟು ಹೋಗತ್ತೆ? ನಿನ್ನ ಮನೆಯವರಿಗೆ ಗಾಳಿ ಬೇಡ್ವಾ?" ಎನ್ನುತ್ತಿದ್ದೆ. ಮರದ ಮನೆಯೊಳಗೆ ಜನ ಇದ್ದಾರೆ ಎಂದೇ ನನಗೆ ಅನ್ನಿಸುತ್ತಿತ್ತು.

ಈ ಆಟದಲ್ಲಿ ಇನ್ನೊಂದು ಕಟ್ಟಳೆ ಇತ್ತು. ನಮ್ಮ ಸರದಿ ಬಂದಾಗ ಕಾಯಿ ಇಡುವುದು ಬೇಡ ಎನ್ನಿಸಿದರೆ, ಒಂದು ಮನೆಯನ್ನು ಶಾಶ್ವತವಾಗಿ ಖಾಲಿ ಬಿಡಬಹುದು. ಅದು ಬಯಲು. ಆಮೇಲೆ ಯಾರೂ ಅಲ್ಲಿ ಕಟ್ಟುವ ಹಾಗಿಲ್ಲ. ಸುತ್ತ ಇದ್ದವರಿಗೆಲ್ಲ ಅಂಕ. ಆದರೆ ಬಿಡುವ ಮುಂಚೆ ಎದುರಿಗಿದ್ದವರ ಒಪ್ಪಿಗೆ ಕೇಳಲೇಬೇಕು. ಅವರು ಬೇಡ ಎಂದರೆ ಬಿಡುವಂತಿಲ್ಲ. ಹಾಗಾಗಿ ಸಂಜೆಯಲ್ಲಿ ನಾಲ್ಕಾರು ಸಲ ಇದೇ ಮಾತು ಕೇಳುತ್ತಿತ್ತು. "ಮನೆ ಬಿಡ್ಲಾ ಅತ್ತೆ?" "ಬಿಡು." "ಮನೆ ಬಿಡ್ಲೇನೇ?" "ಬಿಡಿ." ನಾನಂತೂ ಅವಳಿಗೆ ಬೇಡ ಎಂದವಳೇ ಅಲ್ಲ.

ಹೀಗೆ ಸುಮಾರು ತಿಂಗಳುಗಳು ಕಳೆದವು. ಹುಡುಗಿ ಊಟ ಚೆನ್ನಾಗಿ ಮಾಡತೊಡಗಿದಳು, ಮುಖಕ್ಕೆ ಸ್ವಲ್ಪ ಕಳೆ ಬಂತು. ನರ್ಸು ಎದುರಾದರೆ ನಾನೇ ನಿಂತು ಮಾತಾಡಿಸುವಷ್ಟು ಧೈರ್ಯ ನನಗೂ ಬಂತು. ಇವಳು ಇನ್ನೆಲ್ಲಿಗೆ ಹೋಗುತ್ತಾಳೆ, ಬೇರು ಬಿಟ್ಟಳು ಎಂದುಕೊಂಡೆ.

ಆ ಸಂಜೆ ಆಟ ಅರ್ಧ ದಾಟಿತ್ತು. ನನ್ನ ಕೈಗೆ ಸರಿಯಾಗಿ ಗ್ಯಾರೇಜೇ ಬಂದು ಕೂತಿತ್ತು. ಎಲ್ಲಿಟ್ಟರೂ ಅವಳ ಮನೆಗೆ ತಾಗುತ್ತದೆ. ಅದನ್ನು ಆ ಕಡೆ ಈ ಕಡೆ ಹಿಡಿದು ನೋಡುತ್ತಾ ತಲೆ ಕೆರೆದುಕೊಳ್ಳುತ್ತಿದ್ದೆ. ಅವಳು ಲ್ಯಾಬಿನ ಸುದ್ದಿ ಏನೋ ಹೇಳುತ್ತಿದ್ದಳು. ಬ್ರಾಂಚು, ಮ್ಯಾನೇಜರು ಎಂದು ದಿನವೂ ಇರುವ ಪುರಾಣವೇ. ನಾನು ಹೂಂ ಹೂಂ ಎನ್ನುತ್ತಿದ್ದೆ. ಕೊನೆಗೆ ಗ್ಯಾರೇಜನ್ನು ಒಂದು ಮೂಲೆಗೆ ತುರುಕಿದೆ. ಅವಳ ಸರದಿ. ಅವಳು ಚೀಲಕ್ಕೆ ಕೈ ಹಾಕಲಿಲ್ಲ.

"ಅತ್ತೆ, ಮನೆ ಬಿಡ್ಲಾ?"

"ಬಿಡು," ಎಂದೆ. ನನ್ನ ಕಣ್ಣು ಇನ್ನೂ ಆ ಮೂಲೆಯಲ್ಲೇ ಇತ್ತು.

"ನಿಮಗೆ ಬೇಜಾರಾಗಲ್ವಾ?"

"ಬೇಜಾರು ಯಾಕೆ? ಬಿಟ್ಟರೆ ತಾನೇ ನಿನಗೆ ಗಾಳಿ ಬೆಳಕು? ಒಂದಕ್ಕೊಂದು ಅಂಟಿಕೊಂಡು ಕೂತರೆ ಇಬ್ಬರಿಗೂ ನಷ್ಟ."

"ನೀವು ಒಬ್ಬರೇ ಆಗ್ತೀರಲ್ಲ ಅತ್ತೆ ಆ ಕಡೆ..."

"ನನ್ನ ಕಡೆ ಚಿಂತೆ ನಿನಗ್ಯಾಕೇ? ನಿನ್ನದು ನೀನು ನೋಡ್ಕೋ. ಇಷ್ಟು ದಿನ ಆಯ್ತು, ಇನ್ನೂ ಕೇಳ್ತಾ ಕೂರ್ತಾಳೆ. ಬಿಡು ಅಂದ್ನಲ್ಲ, ಬಿಡು!"

ಮೂಗೆಳೆಯುವ ಸದ್ದು ಕೇಳಿಸಿತು. ಏನಾಯಿತು ಎಂದು ತಲೆ ಎತ್ತಿದರೆ ಹುಡುಗಿ ಅಳುತ್ತಿದ್ದಾಳೆ. ಹಲಗೆಯನ್ನು ದಾಟಿ ಬಂದು ನನ್ನನ್ನು ತಬ್ಬಿಕೊಂಡಳು. ಮನೆ, ಮರ, ಶಾಲೆ ಎಲ್ಲ ಚೆಲ್ಲಾಪಿಲ್ಲಿಯಾದವು. "ಹೇಗೆ ಕೇಳೋದು ಅಂತ ವಾರದಿಂದ ಒದ್ದಾಡ್ತಿದ್ದೆ ಅತ್ತೆ. ಬೇರೆ ಊರಿನ ಹೊಸ ಬ್ರಾಂಚಲ್ಲಿ ಮುಂದಿನ ತಿಂಗಳೇ ಸೇರ್ಕೋಬೇಕಂತೆ. ನೀವು ಇಷ್ಟು ಸುಲಭವಾಗಿ ಬಿಡು ಅಂತೀರ ಅಂದ್ಕೊಂಡಿರಲಿಲ್ಲ."

ನನಗೆ ತಲೆಗೆ ಹತ್ತಲು ಒಂದು ಗಳಿಗೆ ಬೇಕಾಯಿತು. ಅವಳು ಕೇಳಿದ್ದು ಹಲಗೆಯ ಮನೆಯನ್ನಲ್ಲ. ನಾವಿಬ್ಬರೂ ಕೂತಿದ್ದ ಈ ಮನೆಯನ್ನು.

ಇಲ್ಲ ಕಣೇ, ನಾನು ಆಟದ್ದು ಅಂದ್ಕೊಂಡೆ. ಇಷ್ಟು ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ನನ್ನ ಭುಜಕ್ಕೆ ಮುಖ ಒತ್ತಿಕೊಂಡು ಹೇಳತೊಡಗಿದಳು. "ನಮ್ಮ ಲ್ಯಾಬಿನ ಲಿಫ್ಟ್ ಒಳಗೆ ಅವರು ಸಹಿ ಮಾಡಿರೋ ಸ್ಟಿಕ್ಕರ್ ಇದೆ ಅತ್ತೆ. ರಿಪೇರಿ ಆಗಿದೆ ಅಂತ. ಅದನ್ನ ನೋಡಕ್ಕಾಗಲ್ಲ ನನಗೆ. ದಿನಾ ಮೆಟ್ಟಿಲು ಹತ್ತಿ ಹೋಗ್ತೀನಿ. ಈ ಊರಲ್ಲಿ ಯಾವ ಲಿಫ್ಟ್ ಬಾಗಿಲು ತೆರೆದರೂ ಉಸಿರು ಕಟ್ಟತ್ತೆ."

ನನಗಿದು ಗೊತ್ತೇ ಇರಲಿಲ್ಲ. ಸಂಜೆ ಸುಸ್ತಾಗಿ ಬರುವುದು ಕೆಲಸದಿಂದ ಎಂದುಕೊಂಡಿದ್ದೆ. ಅವಳ ಬೆನ್ನು ಸವರುತ್ತಾ ಕೂತೆ. ಬಿಗಿದುಕೊಂಡೇ ಇರುತ್ತಿದ್ದ ಆ ಬೆನ್ನು ನನ್ನ ಕೈಯ ಕೆಳಗೆ ಸಡಿಲವಾಗುತ್ತಿತ್ತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ.

ಮಾರನೆಯ ದಿನ ಒಂದು ಪರದೆಯನ್ನು ತಿರುವುಮುರುವಾಗಿ ಹೊಲಿದು, ಅದನ್ನು ತೋರಿಸಿದ ಗಿರಾಕಿಯ ಮೇಲೇ ಹರಿಹಾಯ್ದೆ. ಅವರು ಹೋದಮೇಲೆ ಆ ಬಟ್ಟೆಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಇನ್ನೂ ಕಾಲ ಮಿಂಚಿಲ್ಲ, ಸಂಜೆ ಬಂದಾಗ ಹೇಳಿಬಿಡೋಣ ಎಂದು ದಿನವೂ ಅಂದುಕೊಳ್ಳುವುದು. ಸಂಜೆ ಅವಳು ಬಂದು, ಅಲ್ಲಿ ಲ್ಯಾಬಿನವರೇ ಹೆಂಗಸರಿಗೆ ಮೂವರಿಗೊಂದು ರೂಮು ಕೊಡುತ್ತಾರಂತೆ, ಕೆಲಸ ನೆಲಮಹಡಿಯಲ್ಲೇ ಅಂತೆ ಎಂದು ಹೇಳುವುದು. ನೆಲಮಹಡಿ ಎನ್ನುವಾಗ ಅವಳ ದನಿಯೇ ಬೇರೆಯಾಗುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಆ ರೂಮಿನ ಕಿಟಕಿಗೆ ಪರದೆ ಹೊಲಿಯಲು ಕೂತೆ. ಅಳತೆ ಗೊತ್ತಿಲ್ಲದೆ ನಾನು ಹೊಲಿದ ಪರದೆ ಅದೊಂದೇ. ಉದ್ದವಾದರೆ ಮಡಚಿ ಹೊಲಿದುಕೊಳ್ಳಲಿ ಎಂದು ಅಂಚಿನಲ್ಲಿ ಬಟ್ಟೆ ಹೆಚ್ಚು ಬಿಟ್ಟೆ.

ಹೊರಡುವ ದಿನ ಬಸ್ ನಿಲ್ದಾಣಕ್ಕೆ ನಾನೂ ಹೋದೆ. ಒಂದು ಸೂಟ್‌ಕೇಸು, ಒಂದು ಹಾಸಿಗೆ ಸುರುಳಿ, ಪರದೆಯ ಗಂಟು. "ಹೊತ್ತು ಹೊತ್ತಿಗೆ ತಿನ್ನು. ಊರವರ ಹಲ್ಲೆಲ್ಲ ಸರಿ ಮಾಡ್ತಾ ನಿನ್ನ ಹೊಟ್ಟೆ ಮರೀಬೇಡ," ಎಂದು ಬೈದೆ. "ಆಯ್ತು ಅತ್ತೆ," ಎಂದಳು. ಡ್ರೈವರು ಹತ್ತಿ ಕೂತ. ಅವಳು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟವಳು ಮತ್ತೆ ಇಳಿದು ನನ್ನ ಕೈ ಹಿಡಿದುಕೊಂಡಳು.

"ಒಂದು ಮಾತು ಹೇಳ್ತೀನಿ ಅತ್ತೆ, ಬೈಬೇಡಿ. ಅವತ್ತು ಕೇಳುವಾಗ ನಾನು ಒಂದು ತೀರ್ಮಾನ ಮಾಡ್ಕೊಂಡಿದ್ದೆ. ನೀವು ಒಂದು ಸಲ ಬೇಡ ಅಂದ್ರೂ ಸಾಕು, ಬ್ರಾಂಚಿಗೆ ಆಗಲ್ಲ ಅಂತ ಹೇಳಿ ಇಲ್ಲೇ ಇದ್ದುಬಿಡೋಣ ಅಂತ. ಬೇಡ ಅನ್ನೋದೂ ಬೇಡ. ನೀವು ತಲೆ ಎತ್ತಿ ಒಂದು ಸಲ ನನ್ನ ಮುಖ ನೋಡಿದ್ರೂ ನಾನು ಹೋಗ್ತಾ ಇರಲಿಲ್ಲ."

ಕಂಡಕ್ಟರು ಸೀಟಿ ಊದಿದ. ಅವಳ ಕೈಯಿಂದ ನನ್ನ ಕೈ ಬಿಡಿಸಿಕೊಂಡು ಅವಳನ್ನು ಮೆಟ್ಟಿಲ ಕಡೆಗೆ ದೂಡಿದೆ.

"ಗೊತ್ತಿತ್ತು ಕಣೇ. ಅದಕ್ಕೇ ತಲೆ ಎತ್ತಲಿಲ್ಲ," ಎಂದೆ.