ಕಾಲು ನೋಡದ ಅಳತೆ

ಗುಲ್ಮರ್ಗ ಅಂದರೆ ಉಳಿದವರಿಗೆ ಬೆಳ್ಳನೆಯ ಗುಡ್ಡ ನೆನಪಾದೀತು. ತಾರಾಬಾಯಿಗೆ ಮೊದಲು ನೆನಪಾಗುತ್ತಿದ್ದುದು ನಾತ. ಅಲ್ಲಿನ ಕ್ಲಬ್ಬಿನ ಮರದ ಮನೆಯಲ್ಲಿ, ಒಲೆಯ ಮಗ್ಗುಲಿಗೆ, ಕಿರಾಯಿ ಬೂಟುಗಳ ದೊಡ್ಡ ಗುಪ್ಪೆ ಬಿದ್ದಿತ್ತು. ಹೋದ ವರ್ಷ, ಹೋದ ವಾರ, ನಿನ್ನೆ ಬೆಳಿಗ್ಗೆ ಯಾರ್ಯಾರೋ ಬೆವರಿ ಬಿಚ್ಚಿಟ್ಟು ಹೋದಂಥವು. ಒಂದೂ ಪೂರ್ತಿ ಒಣಗಿರಲಿಲ್ಲ. ಅದರೊಳಗಿಂದ ಒಂದು ಜೋಡಿ ಆರಿಸಿ, ಒಳಗಿನ ಸುಕ್ಕು ಸರಿಮಾಡಲು ಕೈ ಹಾಕಿದಾಗ ಬೆರಳಿಗೆ ಮೆತ್ತಗೆ ಏನೋ ತಾಗಿತು. ಹೊರಗೆಳೆದು ನೋಡಿದರೆ ಯಾರದೋ ಹುಣ್ಣಿಗೆ ಸುತ್ತಿದ್ದ ಪಟ್ಟಿ, ಅದಕ್ಕಂಟಿದ ಒಂದು ಉಗುರು.

ಆಕೆ ಬಾಯಿಗೆ ಸೆರಗು ಅಡ್ಡ ಹಿಡಿದು ಹೊರಗೆ ಓಡಿದಳು.

"ಹಾಕ್ಕೋ ಹಾಕ್ಕೋ, ಸಾಹೇಬ್ರು ಕಾಯಾಕತ್ಯಾರ," ಎಂದ ಗಂಡ ಬಂಡೆಪ್ಪ. "ಒಂದು ದಿನದ ಮಾತು. ಕಾಲು ಬಿದ್ದು ಹೋಗಂಗಿಲ್ಲ."

ಬಂಡೆಪ್ಪ ತಾಂಡೂರಿನ ಕಲ್ಲಿನ ಗುತ್ತೇದಾರ. ಕರಣಕೋಟದ ಕಡೆ ಅವನ ಗಣಿಗಳಿದ್ದವು. ಅಲ್ಲಿಂದ ಎದ್ದ ಹಾಸುಗಲ್ಲು ರೈಲು ಹತ್ತಿ ಹೈದರಾಬಾದಿನ ಸರಕಾರಿ ಕಟ್ಟಡಗಳಿಗೆ ಹೋಗುತ್ತಿತ್ತು. ಕಲ್ಲು ಪಾಸು ಮಾಡುವ ಇಂಗ್ಲಿಷ್ ಇಂಜಿನಿಯರ್ ಸಾಹೇಬನಿಗೆ ಕ್ರಿಸ್‌ಮಸ್ಸಿಗೊಮ್ಮೆ ಕಾಶ್ಮೀರಕ್ಕೆ ಹೋಗಿ ಹಿಮದ ಮೇಲೆ ಸ್ಕೀ ಆಡುವ ಖಯಾಲಿ. ಒಮ್ಮೆ ಆತ ಮಾತಿಗೆ ಮಾತು ಬಂದು, "ನೀವೂ ಬರಬಹುದಲ್ಲ," ಎಂದಿದ್ದ. ಸಾಹೇಬ ಸೀನಿದರೆ ತಾನು ನೆಗಡಿ ಹತ್ತಿಸಿಕೊಳ್ಳುವ ಮನುಷ್ಯ ಬಂಡೆಪ್ಪ. ಆ ಮಾತನ್ನು ಫರ್ಮಾನು ಅಂತ ತಿಳಿದು, ಹೆಂಡತಿಗೆ ಉಣ್ಣೆಯ ಪಾಯಜಾಮ ಹೊಲಿಸಿ ಕರೆದುಕೊಂಡು ಹೊರಟೇಬಿಟ್ಟಿದ್ದ.

ಸೋಜಿಗವೆಂದರೆ, ತಾರಾಬಾಯಿಗೆ ಆ ಆಟ ಹಿಡಿಸಿತು. ಇಳಿಜಾರಿನಲ್ಲಿ ಬೂಟಿಗೆ ಕಟ್ಟಿದ ಸ್ಕೀ ಹಲಗೆಗಳು ಜರ್ರನೆ ಜಾರಿದಾಗ, ಗಾಳಿ ಮುಖಕ್ಕೆ ಹೊಡೆದಾಗ, ತಾನು ಯಾರ ಸೊಸೆ ಅನ್ನುವುದೂ ಅರೆಗಳಿಗೆ ಮರೆತುಹೋಯಿತು. ಆದರೆ ಬೂಟು ದೊಡ್ಡದು. ಹೊರಳಬೇಕಾದಲ್ಲಿ ಆಕೆಯ ಕಾಲು ಹೊರಳಿತು, ಬೂಟು ಹೊರಳಲಿಲ್ಲ. ಹಲಗೆ ತನ್ನ ದಾರಿ ತಾನು ಹಿಡಿದು ಆಕೆಯನ್ನು ದೇವದಾರು ಮರದ ಬುಡಕ್ಕೆ ಒಯ್ದು ಕೆಡವಿತು. ಹಿಮ್ಮಡಿ ಒಳಗೊಳಗೇ ಮೇಲೆದ್ದು ಚರ್ಮ ಸುಲಿಯಿತು. ಹೆಬ್ಬೆರಳು ಮುಂದಕ್ಕೆ ಜಾರಿ ಜಾರಿ ಕುಟ್ಟಿಸಿಕೊಂಡು ಕಪ್ಪಾಯಿತು. ಊರಿಗೆ ಬಂದ ಮೇಲೂ ಆ ಕಾಲನ್ನು ನೋಡಿಕೊಂಡಾಗ ಆಕೆಗೆ ಅನ್ನ ಸೇರುತ್ತಿರಲಿಲ್ಲ. ಆ ಪಟ್ಟಿಯ ಹೊಲಸು ತನ್ನೊಳಗೂ ಹೊಕ್ಕಿದೆ ಅನ್ನಿಸುತ್ತಿತ್ತು.

ಮಳೆಗಾಲದಲ್ಲಿ ಬಂಡೆಪ್ಪ ಮತ್ತೆ ಕಾಶ್ಮೀರದ ಮಾತೆತ್ತಿದ.

"ಬರ್ತೀನಿ," ಎಂದಳು ತಾರಾಬಾಯಿ. "ಆದ್ರ ಮಂದಿ ಬೂಟಿನ್ಯಾಗ ಕಾಲಿಡಂಗಿಲ್ಲ. ನನ್ನ ಕಾಲಿಗೆ ನನ್ನ ಬೂಟು ಆಗಬೇಕು."

ಅದಕ್ಕೇನು ಅಂತ ಬಂಡೆಪ್ಪ ಹೈದರಾಬಾದಿನ ಅಂಗಡಿಯೊಂದಕ್ಕೆ ಹೇಳಿ ತರಿಸಿಯೂ ತರಿಸಿದ. ನಂಬರು ಯಾವುದು ಎಂದು ಹೆಂಡತಿಯನ್ನು ಕೇಳಿರಲಿಲ್ಲ. ಇಂಜಿನಿಯರನ ಮೇಮಸಾಹೇಬಳ ಕಾಲಿನ ನಂಬರು ಅವನಿಗೆ ಹೇಗೋ ಗೊತ್ತಿತ್ತು, ಅದನ್ನೇ ಹೇಳಿದ್ದ. ತಾರಾಬಾಯಿಯ ಬೆರಳು ಒಳಗೆ ಹೋಗಿ ಮಡಚಿಕೊಂಡವು.

"ದೊಡ್ಡ ಮನೆತನದ ಹೆಣ್ಮಕ್ಕಳ ಕಾಲು ಸಣ್ಣವೇ ಇರ್ತಾವ," ಎಂದ ಬಂಡೆಪ್ಪ, ಹೆಂಡತಿಯ ಪಾದವನ್ನು ಹಳಸಿದ ಅಡುಗೆ ನೋಡಿದಂತೆ ನೋಡಿ. "ನಿಂದು ತವರುಮನಿ ಕಾಲು, ನಾರಾಯಣಖೇಡದ್ದು."

ಅತ್ತೆ ಸುಂದರಬಾಯಿ ಬಾಗಿಲಲ್ಲಿ ನಿಂತು ನಕ್ಕಳು. ತಾರಾಬಾಯಿಗೆ ಸಿಟ್ಟು ಬರಲಿಲ್ಲ, ವಾಕರಿಕೆ ಬಂತು. ಗಂಡ ಇನ್ನೊಬ್ಬಳ ಕಾಲಿನ ನಂಬರನ್ನು ತಲೆಯಲ್ಲಿಟ್ಟುಕೊಂಡು ತಿರುಗಿದ್ದನಲ್ಲ, ಅದಕ್ಕೆ.

ಕಡೆಗೆ ಜಹೀರಾಬಾದಿನ ಪೋಚಪ್ಪನ ಹೆಸರು ಬಂತು. ಪೊಲೀಸರಿಗೆ, ಕುದುರೆ ಸವಾರರಿಗೆ ಬೂಟು ಹೊಲಿಯುವವನು. ಅವನನ್ನು ತಾಂಡೂರಿಗೆ ಕರೆಸೋಣ ಎಂದರೆ ಸುಂದರಬಾಯಿ ಹಣೆ ಗಟ್ಟಿಸಿಕೊಂಡಳು. "ಆ ಕೇರಿಯವ ನಮ್ಮ ಸೊಸಿ ಕಾಲು ಮುಟ್ಟಬೇಕಾ? ಲಿಂಗ ಕಟ್ಟಿದ ಮನಿ ಇದು!" ಬೆಳಗಾದರೆ ಎಲ್ಲರೂ ಒಂದೇ ಎಂದು ವಚನ ಹಾಡುವ ಬಾಯಿ ಅದು. ಕೆಲಸದ ಮರೆಮ್ಮ ಒಂದು ದಾರ ಹಿಡಿದು ತಾರಾಬಾಯಿಯ ಹಿಮ್ಮಡಿಯಿಂದ ಬೆರಳಿನ ತನಕ ಅಳೆದಳು. ಆ ದಾರ ರೈಲಿನಲ್ಲಿ ಜಹೀರಾಬಾದಿಗೆ ಹೋಯಿತು. ಹೈದರಾಬಾದಿನ ಬೂಟೂ ಮಾದರಿಗೆಂದು ಹಿಂದೆಯೇ ಹೋಯಿತು.

ಬಂದ ಬೂಟು ಉದ್ದಕ್ಕೆ ಸರಿಯಿತ್ತು. ಅಗಲಕ್ಕೆ ಎತ್ತಿನ ಗೊರಸು ಹಿಡಿಸುವಷ್ಟಿತ್ತು. ದಾರಕ್ಕೆ ಅಗಲ ಎಲ್ಲಿಂದ ಗೊತ್ತಾಗಬೇಕು?

ತಾರಾಬಾಯಿ ಯಾರ ಜೊತೆಗೂ ಜಗಳ ಆಡಲಿಲ್ಲ. ದೀಪಾವಳಿಗೆ ತವರಿಗೆ ಹೋಗಿ ಬರುತ್ತೇನೆ ಎಂದಳು. ತವರು ನಾರಾಯಣಖೇಡ, ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ಜಹೀರಾಬಾದಿಗೆ ಇಳಿದು, ಅಲ್ಲಿಂದ ಮೋಟಾರಿನಲ್ಲಿ ಹೋಗಬೇಕು. ಜೊತೆಗೆ ಮರೆಮ್ಮ. ಗಾಡಿ ಧಾರೂರು ದಾಟಿದ ಮೇಲೆ ತಾರಾಬಾಯಿ, "ಜಹೀರಾಬಾದಿನ್ಯಾಗ ಮೊದಲು ಪೋಚಪ್ಪನ ಮನಿಗೆ ಹೋಗೂಣು," ಎಂದಳು. ಮರೆಮ್ಮ ಬಾಯಿ ತೆರೆದವಳು ಮುಚ್ಚಲಿಲ್ಲ.

ಪೋಚಪ್ಪನ ಮನೆ ಊರ ಹೊರಗೆ, ಹಳ್ಳದ ದಂಡೆಗೆ. ಸುಣ್ಣದ ಗುಂಡಿಯಲ್ಲಿ ಹಸಿ ಚರ್ಮ ನೆನೆಯುತ್ತಿತ್ತು. ಪಕ್ಕದ ಬಾನಿಯಲ್ಲಿ ಚರ್ಮ ಹದಮಾಡುವ ತಂಗಡಿ ತೊಗಟೆಯ ಕೆಂಪು ನೀರು ಕೊಳೆತು ನೊರೆ ಎದ್ದಿತ್ತು. ಗಾಳಿ ಬೀಸಿದಾಗ ಆ ನಾತ ಮೂಗಿಗಲ್ಲ, ನಾಲಿಗೆಗೇ ಬಂದು ಕೂತಂತಾಗುತ್ತಿತ್ತು. ತಾರಾಬಾಯಿ ಬೇಲಿಯ ಹತ್ತಿರ ಬಗ್ಗಿ, ರೈಲಿನಲ್ಲಿ ತಿಂದ ರೊಟ್ಟಿಯನ್ನೆಲ್ಲ ಕಾರಿಕೊಂಡಳು.

ಪೋಚಪ್ಪ ಹೊರಗೆ ಬಂದು ನೋಡಿದ. ಬಾಯಿ ತುಂಬ ತಂಬಾಕು, ಹೆಗಲ ಮೇಲೆ ಜಿಡ್ಡಿನ ಅರಿವೆ.

"ಯಾರ್ರಿ?"

"ತಾಂಡೂರು ಬಂಡೆಪ್ಪನೋರ ಮನಿಯಾಕಿ. ನೀ ಹೊಲಿದ ಬೂಟು ನನಗ ಆಗಿಲ್ಲ."

"ಕಾಲು ನೋಡದೆ ಹೊಲಿದ್ರ ಹ್ಯಾಂಗ ಆಗ್ತದ್ರಿ?" ಅವನು ಪಕ್ಕಕ್ಕೆ ಉಗುಳಿದ. "ದಾರ ಕಳಿಸ್ಯಾರ, ದಾರಕ್ಕ ಬೂಟು ಹೊಲಿದೀನಿ. ದಾರಕ್ಕ ಸರಿ ಅದ ಇಲ್ಲೋ?"

"ಈಗ ಕಾಲೇ ತಂದೀನಿ. ನೋಡು."

ಪೋಚಪ್ಪ ಹಿಂದೆ ಸರಿದ. "ಬ್ಯಾಡ್ರಿ ಅವ್ವಾ. ನಾಳೆ ನಿಮ್ಮ ಯಜಮಾನ್ರು ನನ್ನ ಬೆನ್ನಿನ ತೊಗಲಿಗೇ ಅಳತಿ ಹಾಕ್ತಾರ."

"ಅವರಿಗೆ ನಾ ಹೇಳ್ತೀನಿ," ಎಂದು ತಾರಾಬಾಯಿ ಅಲ್ಲಿದ್ದ ಕಲ್ಲಿನ ಮೇಲೆ ಕೂತು ಕಾಲು ಮುಂದೆ ಚಾಚಿದಳು. ಹೆಬ್ಬೆರಳಿನ ಉಗುರು ಉದುರಿ ಹೊಸದು ಸೊಟ್ಟಗೆ ಮೂಡುತ್ತಿತ್ತು. ಹಿಮ್ಮಡಿಯ ಗಾಯ ಮಾಗಿ ದಡ್ಡುಗಟ್ಟಿತ್ತು. ಪೋಚಪ್ಪನ ಹೆಂಡತಿ ಮೈಸಮ್ಮ ಇಣುಕಿ ನೋಡಿ, "ಥೂ, ಇದೇನ್ ಕಾಲವ್ವಾ!" ಎಂದು ಮುಖ ತಿರುವಿದಳು.

ತಾರಾಬಾಯಿಯ ಕಿವಿ ಬಿಸಿಯಾಯಿತು. ತನ್ನನ್ನು ನೋಡಿ ಇನ್ನೊಬ್ಬರು ಅಸಹ್ಯಪಟ್ಟುಕೊಳ್ಳಬಹುದು ಅನ್ನುವುದು ಆಕೆಗೆ ಈವರೆಗೆ ಹೊಳೆದಿರಲೇ ಇಲ್ಲ.

ಪೋಚಪ್ಪ ಕೈ ತೊಳೆದುಕೊಂಡು ಬಂದು ಆಕೆಯ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ಆ ಕೈಯ ಒರಟಿಗೆ ಆಕೆಗೆ ಕಾಲು ಎಳೆದುಕೊಳ್ಳಬೇಕು ಅನ್ನಿಸಿತು. ಎಳೆದುಕೊಳ್ಳಲಿಲ್ಲ. ಬೇಲಿಯಾಚೆ ಮರೆಮ್ಮ ಬೆನ್ನು ತಿರುಗಿಸಿ ನಿಂತಿದ್ದಳು.

ಆದರೆ ಪೋಚಪ್ಪನಿಗೂ ಹಿಮದ ಬೂಟಿನ ಗಂಧ ಗೊತ್ತಿರಲಿಲ್ಲ. "ಥಂಡಿ ಅಂತೀರಿ, ಉಣ್ಣಿ ಕಾಲುಚೀಲ ಎರಡು ಹಾಕ್ಕೋತೀರಿ, ಸಡಿಲ ಇರಬೇಕು," ಎಂದ. ಅಲ್ಲ ಎಂದಳು ತಾರಾಬಾಯಿ. ಎದ್ದು ಅಂಗಳದಲ್ಲಿ ನಿಂತು, ಮೊಣಕಾಲು ಬಗ್ಗಿಸಿ, ಕೈ ಮುಂದೆ ಮಾಡಿ, ಇಳಿಜಾರು ಇಳಿಯುವವಳಂತೆ ವಾಲಿ ತೋರಿಸಿದಳು. "ಹಿಂಗ ಬಗ್ಗಿದಾಗ ಹಿಮ್ಮಡಿ ಮ್ಯಾಲೆ ಏಳಬಾರದು, ಒಳಗ ಕಚ್ಚಿ ಹಿಡದಿರಬೇಕು. ಬೆರಳು ಮಾತ್ರ ಆಡಬೇಕು. ನೆಟ್ಟಗ ನಿಂತಾಗ ಬೆರಳು ಮುಂದ ಮುಟ್ಟೀತು, ಬಗ್ಗಿದಾಗ ಹಿಂದ ಸರೀಬೇಕು. ಚೀಲ ಒಂದೇ ಸಾಕು." ಸುತ್ತಲಿನ ಗುಡಿಸಲುಗಳ ಹೆಂಗಸರು ಕಿಸಕ್ಕನೆ ನಕ್ಕರು. ದೊಡ್ಡ ಮನೆಯ ಸೊಸೆಗೆ ಗಾಳಿ ಹಿಡಿದಿದೆ ಅಂದುಕೊಂಡಿರಬೇಕು. ಪೋಚಪ್ಪ ನಗಲಿಲ್ಲ. ಇನ್ನೊಮ್ಮೆ ಬಗ್ಗಿ ತೋರಿಸಿರಿ ಎಂದ.

ನಾರಾಯಣಖೇಡದಲ್ಲಿ ಇದ್ದಷ್ಟು ದಿನ ಏನಾದರೊಂದು ನೆಪ ಹೇಳಿ ಆಕೆ ಜಹೀರಾಬಾದಿಗೆ ಬಂದು ಹೋದಳು. ಮೊದಲ ಸಲ ಬೂಟಿನ ಹಿಂಭಾಗ ಸಡಿಲಾಗಿತ್ತು. ಎರಡನೆಯ ಸಲ ಪಕ್ಕದ ಎಲುಬು ಒತ್ತುತ್ತಿತ್ತು, ಪೋಚಪ್ಪ ಅಲ್ಲಿ ಚರ್ಮ ಬಡಿದು ಉಬ್ಬಿಸಿದ. ಕೊನೆಗೆ ಬೂಟನ್ನು ನೀರಿನಲ್ಲಿ ನೆನೆಸಿ ಹಸಿಯಾಗಿಯೇ ಹಾಕಿಸಿ, ಒಣಗುವ ತನಕ ಅಂಗಳದಲ್ಲಿ ತಿರುಗಾಡಲು ಹೇಳಿದ. ಒದ್ದೆ ಚರ್ಮ ಸತ್ತ ಮೀನಿನಂತೆ ಕಾಲಿಗೆ ಅಂಟಿಕೊಂಡಿತ್ತು. ಆಮೇಲೆ ನೀರು ಹಿಡಿಯದಿರಲೆಂದು ಕೊಬ್ಬು ಕಾಯಿಸಿ ತಂದು, "ಇದನ್ನ ನೀವೇ ತಿಕ್ಕಬೇಕ್ರಿ. ಹೋದಲ್ಲೆಲ್ಲ ನಾ ಬರಾಕ ಆಗ್ತದೇನು?" ಎಂದ. ಮೊಟ್ಟೆಯನ್ನೂ ಮುಟ್ಟದವಳು ಉಸಿರು ಬಿಗಿಹಿಡಿದು ಆ ಬೆಚ್ಚನೆಯ ಕೊಬ್ಬನ್ನು ಬೆರಳಿನಿಂದ ಹೊಲಿಗೆ ಹೊಲಿಗೆಗೂ ತಿಕ್ಕಿದಳು. ಎಷ್ಟು ಸೀಗೆಪುಡಿ ಹಾಕಿದರೂ ಆ ವಾಸನೆ ಕೈಯಿಂದ ಹೋಗಲಿಲ್ಲ. ಆದರೆ ಬೂಟು ಕಾಲಿಗೆ ಕೂತಿತ್ತು. ಬಗ್ಗಿದರೆ ಬಗ್ಗುತ್ತಿತ್ತು, ಹೊರಳಿದರೆ ಹೊರಳುತ್ತಿತ್ತು.

ತಾಂಡೂರಿಗೆ ಬಂದು ಹೇಳುತ್ತೇನೆ ಎಂದವಳು ಹೇಳಿಯೇ ಹೇಳಿದಳು. ಸುಂದರಬಾಯಿ ಸೊಸೆಯನ್ನು ಹಿತ್ತಲಿಗೆ ನಡೆಸಿ ಕೊಡಗಟ್ಟಲೆ ನೀರು ಸುರಿಸಿದಳು, ಉಟ್ಟ ಸೀರೆ ಮರೆಮ್ಮನಿಗೆ ಕೊಡಿಸಿದಳು, ಹಣೆತುಂಬ ವಿಭೂತಿ ಬಳಿದಳು, ಬೂಟನ್ನು ಕೊಟ್ಟಿಗೆಗೆ ಎಸೆಸಿದಳು. ಬಂಡೆಪ್ಪ ಮಾತ್ರ ಕೂಗಾಡಲಿಲ್ಲ. ಕೊಟ್ಟಿಗೆಗೆ ಹೋಗಿ ಬೂಟನ್ನು ತಿರುಗಿಸಿ ಮುರುಗಿಸಿ ನೋಡಿ, "ಭಾರಿ ಮಾಡ್ಯಾನ," ಎಂದ. ಆಮೇಲೆ ದನಿ ತಗ್ಗಿಸಿ, "ಯಾರ ಮುಂದೂ ಹೇಳಬ್ಯಾಡ. ಮುಂಬಯಿಯಿಂದ ತರಿಸಿದ್ದು ಅನ್ನು," ಎಂದ.

"ಯಾಕ?"

"ಇಜ್ಜತ್ತಿನ ಮಾತು."

ಅತ್ತೆಯದು ಮಡಿಯ ಹೇಸಿಗೆ, ಕಣ್ಣಿಗೆ ಕಾಣುವಂಥದು. ಗಂಡನದು ಹಾಗಲ್ಲ. ಅವನಿಗೆ ಮುಟ್ಟಿದ್ದರ ಚಿಂತೆ ಇಲ್ಲ, ಗೊತ್ತಾಗುವುದರ ಚಿಂತೆ. ಎರಡರಲ್ಲಿ ಯಾವುದು ಹೆಚ್ಚು ಹೊಲಸು ಅಂತ ತಾರಾಬಾಯಿ ಕಾಶ್ಮೀರದ ದಾರಿಯಲ್ಲಿ ರಾವಲ್ಪಿಂಡಿಯ ತನಕ ರೈಲಿನಲ್ಲಿ ಕೂತು ಯೋಚಿಸಿದಳು.

ಆ ಕ್ರಿಸ್‌ಮಸ್ಸಿಗೆ ಗುಲ್ಮರ್ಗದಲ್ಲಿ ಹಿಮ ಚೆನ್ನಾಗಿ ಬಿದ್ದಿತ್ತು. ಕ್ಲಬ್ಬಿನ ಹೊರಗಿನ ಕಟಾಂಜನದ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಮೇಮಸಾಹೇಬಳ ಕಣ್ಣು ಬೂಟಿನ ಮೇಲೆ ಬಿತ್ತು. ಎಲ್ಲಿಯದು, ಎಷ್ಟು ಚೆನ್ನಾಗಿ ಕೂತಿದೆ ಎಂದು ಬಗ್ಗಿ ಮುಟ್ಟಿ ನೋಡಿದಳು. ಆಕೆಯ ಇಂಗ್ಲಿಷನ್ನು ಬಂಡೆಪ್ಪ ತಿರುಗಿಸಿ ಹೇಳಬೇಕು, ಹೆಂಡತಿಯ ಕನ್ನಡವನ್ನೂ ಅವನೇ ತಿರುಗಿಸಬೇಕು.

"ಹೇಳ್ರಿ," ಎಂದಳು ತಾರಾಬಾಯಿ. "ಜಹೀರಾಬಾದಿನ ಪೋಚಪ್ಪ ಹೊಲಿದದ್ದು. ನನ್ನ ಕಾಲು ತೊಡಿ ಮ್ಯಾಲಿಟ್ಟುಕೊಂಡು ಅಳತಿ ತಗೊಂಡ ಅಂತ ಹೇಳ್ರಿ."

ಬಂಡೆಪ್ಪ ಮುಗುಳ್ನಕ್ಕು ಏನೋ ಉದ್ದಕ್ಕೆ ಹೇಳಿದ. ಅದರೊಳಗೆ ಮುಂಬಯಿ ಅನ್ನುವ ಮಾತು ಎರಡು ಸಲ ಬಂತು. ಜಹೀರಾಬಾದು ಬರಲೇ ಇಲ್ಲ. ಮೇಮಸಾಹೇಬಳು ಹುಬ್ಬೇರಿಸಿ ತಲೆದೂಗಿದಳು. "ನಹೀಂ," ಎಂದು ತಾರಾಬಾಯಿ ತಾನೇ ದಖ್ಖನಿಯಲ್ಲಿ ಶುರುಮಾಡಿದಳು, "ಮುಂಬಯಿ ನಹೀಂ..." ಬಂಡೆಪ್ಪ ಅಷ್ಟರಲ್ಲೇ ಜೋರಾಗಿ ನಕ್ಕು ಇನ್ನೇನೋ ಸೇರಿಸಿದ, ಸಾಹೇಬನೂ ಮೇಮಸಾಹೇಬಳೂ ನಕ್ಕರು. ನನ್ನ ಹೆಂಡತಿ ತಮಾಷೆಯವಳು ಎಂದಿರಬೇಕು.

ತಾರಾಬಾಯಿ ಬಟ್ಟಲು ಕೆಳಗಿಟ್ಟಳು. ಗಂಡನ ಬಾಯಿ ಇನ್ನೂ ತೆರೆದಿತ್ತು, ಮೀಸೆಗೆ ಬಿಸ್ಕತ್ತಿನ ಪುಡಿ ಅಂಟಿತ್ತು. ಪೋಚಪ್ಪನ ಗುಂಡಿಯ ಹತ್ತಿರ ಕೂಡ ಆಕೆಗೆ ಇಷ್ಟು ಹೇಸಿಕೆಯಾಗಿರಲಿಲ್ಲ. ಅಲ್ಲಿಯದು ಕೆಲಸದ ನಾತವಾಗಿತ್ತು.

ಆಕೆ ಎದ್ದು ಹಲಗೆಗಳನ್ನು ಹೊತ್ತು ಗುಡ್ಡ ಹತ್ತಿದಳು. ಇಳಿಯುವಾಗ ಮೊದಲ ತಿರುವಿನಲ್ಲಿ ಹೆದರಿಕೆಯಾಯಿತು. ಮೊಣಕಾಲು ಬಗ್ಗಿಸಿ ವಾಲಿದಳು. ಹಿಮ್ಮಡಿ ಅಲುಗಲಿಲ್ಲ, ಹಲಗೆ ಆಕೆ ಹೇಳಿದ ಮಾತು ಕೇಳಿತು. ದೇವದಾರು ಮರ ಪಕ್ಕಕ್ಕೆ ಸರಿದು ಹೋಯಿತು. ಕೆಳಗೆ ಬಂದು ಒಮ್ಮೆ ಬಿದ್ದಳು, ಎದ್ದಳು, ಮತ್ತೆ ಹತ್ತಿದಳು. ಚಹಾ ಕುಡಿಯುತ್ತ ಕೂತವರು ಕರೆದರೂ ತಿರುಗಿ ನೋಡಲಿಲ್ಲ.

ಸಂಜೆ ಕೋಣೆಯಲ್ಲಿ ಬಂಡೆಪ್ಪ ತನ್ನ ಕಿರಾಯಿ ಬೂಟು ಕಿತ್ತು ಹಾಕಿ ನರಳುತ್ತ ಕೂತಿದ್ದ. ಎರಡೂ ಹಿಮ್ಮಡಿ ಹಸಿ ಮಾಂಸವಾಗಿ, ಕಾಲುಚೀಲ ರಕ್ತಕ್ಕೆ ಅಂಟಿತ್ತು. ಹೆಂಡತಿಯ ಕಾಲು ನೋಡಿದ; ಅಲ್ಲೊಂದು ಗೀರೂ ಇರಲಿಲ್ಲ.

"ಊರಿಗೆ ಹೋದ ಮ್ಯಾಲೆ," ಎಂದ, "ಆ ಪೋಚಪ್ಪನ ಹತ್ತಿರ ನನಗೂ ಒಂದು ಜೋಡಿ ಹೇಳು. ಗುಪ್ಚುಪ್. ದಾರದಾಗ ಅಳತಿ ಕಳಿಸೂಣು."

"ದಾರ ಬ್ಯಾಡ. ನೀವೇ ಹೋಗ್ರಿ," ಎಂದಳು ತಾರಾಬಾಯಿ. "ಹಗಲಹೊತ್ತು ಅಂಗಳದಾಗ ಕೂಡ್ರಿ. ಕಾಲು ಅವನ ತೊಡಿ ಮ್ಯಾಲೆ ಇಡ್ರಿ. ಆಗ ಆಗ್ತದ."

"ನಾನಾ? ಮಂದಿ ಏನಂದಾರು?"

ಆಕೆ ಬಿಸಿನೀರು ತರಿಸಿ ಅವನ ಮುಂದಿಟ್ಟಳೇ ಹೊರತು ಹೆಂಡತಿಯರು ಮಾಡುವಂತೆ ಕಾಲು ತೊಳೆಯಲು ಕೂರಲಿಲ್ಲ. ಆ ರಕ್ತ, ಆ ಸುಲಿದ ಚರ್ಮ ನೋಡಿ ಆಕೆಗೆ ಕನಿಕರ ಬರಬೇಕಿತ್ತು. ಬರಲಿಲ್ಲ.

ಬಂಡೆಪ್ಪ ಜಹೀರಾಬಾದಿಗೆ ಹೋಗಲಿಲ್ಲ. ಎರಡನೆಯ ಮಹಾಯುದ್ಧ ಜೋರಾಗಿ ಸಾಹೇಬ ವರ್ಗವಾಗುವ ತನಕ ಇನ್ನೂ ಒಂದೆರಡು ಚಳಿಗಾಲ ಗಂಡ ಹೆಂಡತಿ ಗುಲ್ಮರ್ಗಕ್ಕೆ ಹೋದರು. ಅವನು ಮೊಣಕಾಲು ನೋವೆಂದು ಹೇಳಿ, ಕಂಬಳಿ ಹೊದ್ದು ಪಡಸಾಲೆಯಲ್ಲಿ ಕೂರುತ್ತಿದ್ದ. ಬಂದವರಿಗೆಲ್ಲ ಹೆಂಡತಿಯ ಬೂಟಿನ ಕಥೆ ಹೇಳುತ್ತಿದ್ದ. ವರ್ಷದಿಂದ ವರ್ಷಕ್ಕೆ ಆ ಮುಂಬಯಿ ಅಂಗಡಿಗೆ ಒಂದು ಬೀದಿ ಬಂತು, ಗಾಜಿನ ಬಾಗಿಲು ಬಂತು, ಪಾರಸಿ ಮಾಲೀಕನೂ ಬಂದ. ತಾರಾಬಾಯಿ ತಿದ್ದಲು ಹೋಗಲಿಲ್ಲ. ಅವನು ಆ ಮಾಲೀಕನ ಹೆಸರಿಗೆ ಬರುವಷ್ಟರಲ್ಲಿ ಆಕೆ ಹೊರಗೆ ಹಲಗೆ ಕಟ್ಟಿಕೊಂಡು ಆಗಿರುತ್ತಿತ್ತು.