ಇಬ್ಬರನ್ನು ಒಂದು ಮಾಡುವ ಕೆಲಸ

ಹಾಸಿಗೆ ಕಾರ್ಖಾನೆಯ ಮಾರಾಟ ವಿಭಾಗದಲ್ಲಿ ಅವಳನ್ನು ಎಲ್ಲರೂ ಗಿಲಕಿ ಎಂದೇ ಕರೆಯುತ್ತಿದ್ದರು. ಮೂವತ್ತು ದಾಟಿದ್ದರೂ ಅವಳ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ಕಾರ್ಖಾನೆ ಅವಳ ದೊಡ್ಡಪ್ಪನದು. ಪತ್ರ, ಪಾರ್ಸಲ್ಲುಗಳ ಉಸ್ತುವಾರಿ ಅತ್ತಿಗೆಯದು.

ಹಿಂದಿನ ವರ್ಷ ಹಳೆಯ ಗಿರಾಕಿಗಳಿಗೆಲ್ಲ ಪತ್ರ ಕಳಿಸಿದಾಗ ಒಬ್ಬ ದಂತವೈದ್ಯರಿಗೆ ಏಳು ಪತ್ರ ಹೋಗಿತ್ತು. ಅವರು ಏಳನ್ನೂ ತಂದು ದೊಡ್ಡಪ್ಪನ ಮೇಜಿನ ಮೇಲೆ ಇಸ್ಪೀಟೆಲೆಯ ಹಾಗೆ ಹರವಿ ಹೊರಟುಹೋಗಿದ್ದರು. ಪಟ್ಟಿಯಲ್ಲಿ ಆ ಒಬ್ಬ ಮನುಷ್ಯ ಏಳು ಜನರಾಗಿ ಕೂತಿದ್ದ.

ಈ ಸಲ ಮಾರಾಟಕ್ಕೆಂದು ಹೊಸ ತಂತ್ರಾಂಶ ಬಂತು, ಅದರೊಳಗೊಂದು ಎಐ ಏಜೆಂಟ್. ಬೇಕಾದ್ದನ್ನು ಬರೆದು ಹೇಳಿದರೆ ಅದು ಕೆಲಸವನ್ನು ಹಿನ್ನೆಲೆಯಲ್ಲಿ ಓಡಲು ಬಿಟ್ಟು, ಒಂದು ನಂಬರು ಕೊಡುತ್ತಿತ್ತು. ಆ ನಂಬರು ಹಿಡಿದು ಯಾವಾಗ ಕೇಳಿದರೂ ಕೆಲಸ ಎಲ್ಲಿಗೆ ಬಂತೆಂದು ತಿಳಿಸುತ್ತಿತ್ತು. ಒಂದೇ ಗಿರಾಕಿಯ ಎರಡೆರಡು ದಾಖಲೆಗಳನ್ನು ಸೇರಿಸಿ ಒಂದು ಮಾಡು ಎಂದು ಗಿಲಕಿ ಬೆಳಗ್ಗೆ ಒಂಬತ್ತಕ್ಕೆ ಹೇಳಿದಳು. 'ಮುಗಿದ ಕೂಡಲೇ ನಾನೇ ತಿಳಿಸುತ್ತೇನೆ' ಎಂದಿತು ಏಜೆಂಟ್. ಗಿಲಕಿಗೆ ಎಲ್ಲಿಯ ತಾಳ್ಮೆ? ಎರಡು ನಿಮಿಷಕ್ಕೊಮ್ಮೆ 'ಎಷ್ಟಾಯ್ತು?' ಎಂದು ಕೇಳಿದಳು. ಅದು ಬೇಸರವಿಲ್ಲದೆ ಉತ್ತರಿಸಿತು.

ಹನ್ನೊಂದರ ಹೊತ್ತಿಗೆ ಇಡೀ ವಿಭಾಗ ಅವಳ ಕುರ್ಚಿಯ ಹಿಂದೆ ನೆರೆದಿತ್ತು. ಪರದೆಯ ಮೇಲೆ ಏರುತ್ತಿದ್ದ ಎಣಿಕೆಯನ್ನು ಅವಳು ಗಟ್ಟಿಯಾಗಿ ಕೂಗುತ್ತಿದ್ದಳು. ಆರು ಸಾವಿರದ ಮುನ್ನೂರ ಹನ್ನೊಂದು, ಮುನ್ನೂರ ಹನ್ನೆರಡು. ಇನ್ನೊಂದೇ ಬಾಕಿ. ಅಲ್ಲಿಗೆ ನಿಂತದ್ದು ನಿಂತೇಬಿಟ್ಟಿತು. ಹತ್ತು ನಿಮಿಷ ಕಳೆಯಿತು, ಇಪ್ಪತ್ತಾಯಿತು.

"ಕೈಕೊಡ್ತು ನೋಡು," ಎಂದರು ದೊಡ್ಡಪ್ಪ. "ರದ್ದು ಮಾಡಿ ಮೊದಲಿಂದ ಶುರು ಮಾಡಮ್ಮ."

"ಬೆಳಗ್ಗೆಯಿಂದ ಮಾಡಿದ್ದೆಲ್ಲ ನೀರಿಗೆ ಹಾಕೋದಾ ದೊಡ್ಡಪ್ಪ? ಸ್ವಲ್ಪ ತಡೀರಿ."

ಅಷ್ಟು ಹೊತ್ತೂ ಅವಳು ಎಷ್ಟಾಯಿತೆಂದು ಮಾತ್ರ ಕೇಳಿದ್ದಳು. ಈಗ, 'ಯಾಕೆ ನಿಂತಿದ್ದೀಯ?' ಎಂದು ಕೇಳಿದಳು.

'ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ. ಎಣಿಕೆಯ ಕೆಳಗಿನ ಸಾಲಿನಲ್ಲಿ ಕೇಳಿದ್ದೆ. ಎರಡು ದಾಖಲೆಗಳಲ್ಲಿ ಮನೆತನದ ಹೆಸರು, ವಿಳಾಸ, ಹುಟ್ಟಿದ ದಿನ ಎಲ್ಲವೂ ಒಂದೇ. ಸ್ವಂತ ಹೆಸರು, ಫೋನ್ ನಂಬರು ಮಾತ್ರ ಬೇರೆ. ಇವರು ಒಬ್ಬರೋ ಇಬ್ಬರೋ ಎಂಬುದನ್ನು ಮನುಷ್ಯರೇ ಹೇಳಬೇಕು.'

ಗಿಲಕಿ ನಾಲಿಗೆ ಕಚ್ಚಿಕೊಂಡಳು. ಆ ಸಾಲು ಆಗಿನಿಂದಲೂ ಅಲ್ಲೇ ಇತ್ತು. ಯಾರಾದರೂ ನೋಡಿಯಾರೆಂದು ಅದನ್ನು ಕೈಯಿಂದ ಮುಚ್ಚಿ, ಇನ್ನೊಂದು ಕೈಯಲ್ಲಿ ಮೊದಲ ನಂಬರಿಗೆ ಫೋನ್ ಮಾಡಿದಳು. ಅತ್ತಿಗೆ ಸ್ಪೀಕರ್ ಒತ್ತಿದಳು.

"ನಮಸ್ಕಾರ, ಹಾಸಿಗೆ ಕಾರ್ಖಾನೆಯಿಂದ. ನಿಮ್ಮ ವಿಳಾಸದಲ್ಲಿ ನಮ್ಮ ಹತ್ರ ಎರಡು ಹೆಸರಿದೆ. ಎರಡೂ ನೀವೇ ಆದ್ರೆ ಒಂದು ಮಾಡಿಬಿಡ್ತೀವಿ."

ಆಚೆಯಿಂದ ಮುದುಕಿಯೊಬ್ಬಳ ಗಡಸು ದನಿ ಬಂತು. "ಒಂದು ಮಾಡ್ತೀಯಾ? ಅವಳು ನನ್ನ ಅವಳಿ ಕಣಮ್ಮ. ಒಂದೇ ಥರದ ಜಡೆ, ಒಂದೇ ಥರದ ಫ್ರಾಕು ಹಾಕಿ ನಮ್ಮಮ್ಮ ಎಷ್ಟು ಪ್ರಯತ್ನ ಪಟ್ಟಳು. ಅವಳ ಕೈಲೇ ಆಗ್ಲಿಲ್ಲ."

"ಯಾರದು ಫೋನು?" ಎಂದಿತು ಹಿಂದಿನಿಂದ ಅಂಥದ್ದೇ ಇನ್ನೊಂದು ದನಿ.

"ಹಾಸಿಗೆಯವರು. ನಮ್ಮಿಬ್ಬರನ್ನ ಒಂದು ಮಾಡ್ತಾರಂತೆ."

"ಹಾಗಿದ್ರೆ ನನ್ನ ಹೆಸರು ಉಳಿಸ್ಕೊಳ್ಳೋಕೆ ಹೇಳು."

"ಯಾಕೆ, ಹಿರಿಯಳು ನಾನಲ್ವಾ? ಹತ್ತು ನಿಮಿಷ ಮೊದಲು ಹುಟ್ಟಿದೀನಿ."

"ಆರು ನಿಮಿಷ. ಎಪ್ಪತ್ತೊಂದು ವರ್ಷದಿಂದ ನಾಲ್ಕು ಸೇರಿಸ್ಕೊಂಡೇ ಹೇಳ್ತಿದ್ದಾಳೆ."

ಅತ್ತಿಗೆ ಸೆರಗು ಬಾಯಿಗೊತ್ತಿಕೊಂಡು ಮೇಜಿನ ಕೆಳಗೆ ಕೂತುಬಿಟ್ಟಳು. ದೊಡ್ಡಪ್ಪನ ಹೊಟ್ಟೆ ಸದ್ದಿಲ್ಲದೆ ಕುಣಿಯುತ್ತಿತ್ತು. ಗಿಲಕಿ ಫೋನಿನ ಮೇಲೆ ಅಂಗೈ ಮುಚ್ಚಿ ನಗು ನುಂಗಿಕೊಂಡಳು. ಹೇಗೋ ಸಾವರಿಸಿಕೊಂಡು, "ನಿಮ್ಮಿಬ್ಬರನ್ನೂ ಬೇರೆ ಬೇರೆಯಾಗೇ ಇಡ್ತೀವಿ ಅಜ್ಜಿ," ಎಂದು ಫೋನಿಟ್ಟಳು. ಕಣ್ಣೊರೆಸಿಕೊಂಡು, 'ಇಬ್ಬರು. ಸೇರಿಸಬೇಡ' ಎಂದು ಬರೆದಳು.

'ಸರಿ. ಕೆಲಸ ಮುಗಿಯಿತು' ಎಂದಿತು ಏಜೆಂಟ್.

ಅದುಮಿಟ್ಟ ನಗುವೆಲ್ಲ ಆಗ ಒಮ್ಮೆಲೇ ಕಟ್ಟೆಯೊಡೆಯಿತು. ದೊಡ್ಡಪ್ಪ ಪ್ರದರ್ಶನಕ್ಕಿಟ್ಟಿದ್ದ ಹಾಸಿಗೆಯ ಮೇಲೆ ಅಂಗಾತ ಬಿದ್ದು ನಕ್ಕರು. ಅವರನ್ನು ಎಬ್ಬಿಸಲು ಹೋದ ಇಬ್ಬರೂ ಅಲ್ಲೇ ಬಿದ್ದರು. ಮಧ್ಯಾಹ್ನವೇ ಗಿರಾಕಿಗಳಿಗೆ ಈ ವರ್ಷದ ಪತ್ರಗಳು ಹೊರಟವು.

ವಾರದ ನಂತರ ಐದು ನಿಮಿಷದ ಅಂತರದಲ್ಲಿ ಎರಡು ಫೋನ್ ಬಂದವು. ಅಕ್ಕ ತಂಗಿಯರು ಒಬ್ಬರ ಪತ್ರವನ್ನು ಇನ್ನೊಬ್ಬರು ಕದ್ದು ಓದಿದ್ದರು. ಎರಡರಲ್ಲೂ ಅಕ್ಷರಶಃ ಒಂದೇ ಒಕ್ಕಣೆ ಕಂಡು ಇಬ್ಬರಿಗೂ ಸಿಟ್ಟು ಬಂದಿತ್ತು.

ಗಿಲಕಿ ಈ ಕೆಲಸವನ್ನು ಏಜೆಂಟಿಗೆ ಬಿಡಲಿಲ್ಲ. ಒಳ್ಳೆಯ ಕಾಗದ ತೆಗೆದು, ಗಟ್ಟಿ ಹಾಸಿಗೆಯನ್ನು ಹೊಗಳಿ ಒಬ್ಬರಿಗೂ ಮೆತ್ತನೆಯದನ್ನು ಹೊಗಳಿ ಇನ್ನೊಬ್ಬರಿಗೂ ಕೈಯಾರೆ ಬರೆದಳು. 'ಇದು ನಿಮಗೆ ಮಾತ್ರ, ಇನ್ನೊಬ್ಬರಿಗೆ ತೋರಿಸಬೇಡಿ' ಎಂದು ಎರಡರ ಕೊನೆಗೂ ಸೇರಿಸಿ, ಲಕೋಟೆಯ ಬಾಯನ್ನು ಬೇಕೆಂದೇ ಅರ್ಧ ಮಾತ್ರ ಅಂಟಿಸಿದಳು.